ಎರಡು ಕೋಲನ್ ಮತ್ತು ನನ್ನ ರಜೆ ಅರ್ಜಿ

ಎಲ್ಲವನ್ನೂ ಚಿಕ್ಕದಾಗಿ ಬರೆಯುವ ಚಟ ನನಗೆ ಮೊದಲಿನಿಂದಲೂ ಇದೆ. ಊರಿಗೆ ಹಾಕುತ್ತಿದ್ದ ಕಾಗದಗಳು ‘ಕ್ಷೇಮ’ ಎಂಬಲ್ಲಿಗೇ ಮುಗಿಯುತ್ತಿದ್ದವು. ಕೋಲ್ಕತ್ತಾಕ್ಕೆ ಬಂದು, ಕಸ್ಬಾದಲ್ಲಿರುವ ನಮ್ಮ ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಜಾವಾ ಬರೆಯತೊಡಗಿದ ಮೇಲೆ ಈ ಚಟಕ್ಕೆ ಸಂಬಳವೂ ಸಿಕ್ಕಿತು. ರಜೆ ಅರ್ಜಿಗಳನ್ನು ವಿಭಾಗದ ಮುಖ್ಯಸ್ಥರಿಗೆ ತಲುಪಿಸುವ ಪ್ರೋಗ್ರಾಮಿನಲ್ಲಿ ಯಾರೋ ಪುಣ್ಯಾತ್ಮರು ಒಂದು ಸಾಲನ್ನು ಲ್ಯಾಂಬ್ಡಾ ಎಂಬ ರೀತಿಯಲ್ಲಿ, ಬಾಣದ ಗುರುತು ಹಾಕಿ, ಉದ್ದಕ್ಕೆ ಬರೆದಿದ್ದರು. ಪರದೆಯ ಮೇಲೆ ಹಳದಿ ಬಲ್ಬು ಹತ್ತಿ, ‘ಇದನ್ನು ಮೆಥಡ್ ರೆಫರೆನ್ಸ್ ಮಾಡಬಹುದು’ ಎಂದಿತು, ಅಂದರೆ ಅದೇ ಮಾತಿನ ಗಿಡ್ಡ ರೂಪ. ಬಾಣ ಕಿತ್ತು ಎರಡು ಕೋಲನ್ ಇಟ್ಟೆ. ಸಾಲು ಅರ್ಧವಾಯಿತು. ಚಹಾ ಕುಡಿಯಲು ಹೋದೆ.

ವಾರದೊಳಗೆ ನಮ್ಮ ಮುಖ್ಯಸ್ಥ ಘೋಷ್ ಬಾಬುಗಳಿಗೆ ದಕ್ಷಿಣೇಶ್ವರದ ಶಾಖೆಗೆ ವರ್ಗವಾಗಿ, ಅವರ ಕುರ್ಚಿಗೆ ಸೇನ್ ಬಾಬು ಬಂದರು. ನಾನು ತಂಗಿಯ ಮಗಳ ಮದುವೆಗೆಂದು ರಜೆ ಕೇಳಿದೆ. ನಮ್ಮಲ್ಲಿ ಮದುಮಗಳನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಅವಳಿಗೆ ಇರುವ ಸೋದರಮಾವ ನಾನೊಬ್ಬನೇ. ಎರಡು ವಾರವಾದರೂ ಉತ್ತರವಿಲ್ಲ. ಹೊಸ ಸಾಹೇಬರಿಗೆ ನೆನಪಿಸಿದರೆ ಸಿಟ್ಟಾದಾರೆಂದು ಸುಮ್ಮನಿದ್ದೆ. ರೈಲಿಗೆ ಮೂರೇ ದಿನ ಉಳಿದಾಗ ಹೆಂಡತಿ ಸುಮತಿ, “ನೀವು ಬರುದಾ, ಅಲ್ಲ ನಿಮ್ಮ ಫೋಟೋ ಹಿಡ್ಕೊಂಡು ನಾನೇ ಹುಡುಗಿಯನ್ನು ಕರ್ಕೊಂಡು ಬರ್ಬೇಕಾ ಮಾರಾಯ್ರೆ?” ಎಂದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮರುದಿನ ಅರ್ಜಿ ಎಲ್ಲಿ ಹೋಯಿತೆಂದು ಹುಡುಕಲು ಪ್ರೋಗ್ರಾಮ್ ತೆರೆದಾಗ, ಪಕ್ಕದ ಮೇಜಿನ ಪಾರೊಮಿತಾ ನನ್ನ ಸಾಲನ್ನು ನೋಡಿ ನಕ್ಕಳು. “ದಾದಾ, ಬಾಣವಿದ್ದಾಗ ಒಂದೊಂದು ಅರ್ಜಿ ಬಂದಾಗಲೂ ಈಗ ಮುಖ್ಯಸ್ಥರು ಯಾರು ಅಂತ ನೋಡ್ತಿತ್ತು. ನಿಮ್ಮ ಎರಡು ಕೋಲನ್ ಪ್ರೋಗ್ರಾಮ್ ಶುರುವಾದ ದಿನವೇ ಘೋಷ್ ಬಾಬುಗಳನ್ನ ಹಿಡ್ಕೊಂಡಿದೆ, ಇನ್ನೂ ಬಿಟ್ಟಿಲ್ಲ.” ಎಲ್ಲರ ಅರ್ಜಿಗಳೂ ಘೋಷ್ ಬಾಬುಗಳ ಹಳೆಯ ಇ-ಮೇಲ್ ಪೆಟ್ಟಿಗೆಯಲ್ಲಿ ಬಿದ್ದಿದ್ದವು, ಅವರು ಅದನ್ನು ತೆರೆಯುವುದನ್ನೇ ಬಿಟ್ಟಿದ್ದರು. ಮೀನು ಮಾರ್ಕೆಟ್ಟಿಗೆ ಹೋಗಿ, ಇವತ್ತು ಯಾರ ಹತ್ತಿರ ತಾಜಾ ಇದೆ ಎಂದು ನೋಡಿ ಕೊಳ್ಳುವುದು ಲ್ಯಾಂಬ್ಡಾ, ಅಂದರೆ ಸುಮತಿ. ಮನೆಯಲ್ಲೇ ಒಬ್ಬನನ್ನು ಗೊತ್ತುಮಾಡಿಕೊಂಡು ಹೊರಟು, ಅವನು ಕೊಟ್ಟದ್ದನ್ನು ತಂದು ಬೈಸಿಕೊಳ್ಳುವುದು ಮೆಥಡ್ ರೆಫರೆನ್ಸ್. ಅದು ಯಾರೆಂದು ಹೇಳಬೇಕಾಗಿಲ್ಲ.

ಬಾಣವನ್ನು ಅದರ ಜಾಗದಲ್ಲಿಟ್ಟು, ಅರ್ಜಿಗಳನ್ನೆಲ್ಲ ಮತ್ತೆ ಕಳಿಸಿದೆವು. ಸೇನ್ ಬಾಬು ನನ್ನನ್ನು ಕರೆಸಿದರು. “ಬಂದಾಗಿನಿಂದ ಒಬ್ಬರೂ ರಜೆ ಕೇಳಲಿಲ್ಲ, ಎಂಥ ನಿಷ್ಠಾವಂತ ವಿಭಾಗ ಅಂತ ಮೇಲಿನವರಿಗೆ ಬರೆದುಬಿಟ್ಟೆನಲ್ಲ!” ಎಂದು ಹಣೆ ಒತ್ತಿಕೊಂಡರು. ತಪ್ಪು ನನ್ನದೆಂದು ಒಪ್ಪಿಕೊಂಡೆ. ಐದು ದಿನ ಕೇಳಿದ್ದೆ, ಹತ್ತು ಕೊಟ್ಟರು. “ನಿಧಾನವಾಗಿ ಬನ್ನಿ. ಅಷ್ಟರಲ್ಲಿ ನೀವು ಇನ್ನೂ ಏನೇನು ಸುಧಾರಿಸಿದ್ದೀರಿ ಅಂತ ಪಾರೊಮಿತಾ ನೋಡಿಡಲಿ” ಎಂದರು.

ಹುಡುಗಿಯನ್ನು ನಾನೇ ಮಂಟಪಕ್ಕೆ ಕರೆತಂದೆ. ಊಟದ ಪಂಕ್ತಿಯಲ್ಲಿ ತಂಗಿಯ ಗಂಡ ಎಲ್ಲರಿಗೂ ಕೇಳುವಂತೆ, “ಕೇಳಿದ್ದಕ್ಕಿಂತ ಡಬ್ಬಲ್ ರಜೆ ಕೊಟ್ಟಿದ್ದಾರಂತೆ, ಆಫೀಸಿನಲ್ಲಿ ಇವರ ಮೇಲೆ ಎಷ್ಟು ಗೌರವ ನೋಡಿ” ಎಂದರು. ನಾನು ತಲೆ ತಗ್ಗಿಸಿ, ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.