ನೀರುದೋಸೆಗೆ ಜಪಾನಿ ಪದ್ಧತಿ

ಹೊಸ ವಿದ್ಯೆ ಕಲಿತು ಬಂದ ಗಂಡಸನ್ನು ಕೆಲವು ದಿನ ಅಡುಗೆಮನೆಯೊಳಗೆ ಬಿಡಬಾರದು. ವಿದ್ಯೆ ಒಳ್ಳೆಯದೇ ಇರಬಹುದು, ಆದರೆ ಅದು ಅವನಿಗೆ ಅರಗಲು ಸಮಯ ಬೇಕು. ಇದು ನನ್ನ ಸ್ವಂತ ಅನುಭವ.

ನಾವಿರುವ ಕೊಲ್ಲಿ ದೇಶದ ಟುಬ್ಲಿ ಎಂಬ ಊರಿನಲ್ಲಿ ಏಸಿಯ ತಗಡಿನ ಕೊಳವೆಗಳನ್ನು ತಯಾರಿಸುವ ವರ್ಕ್‌ಶಾಪೊಂದಿದೆ. ಅಲ್ಲಿ ನಾನು ಕ್ವಾಲಿಟಿ ಮ್ಯಾನೇಜರ್. ಅಂದರೆ, ಎಲ್ಲರ ಕೆಲಸ ಮುಗಿದ ಮೇಲೆ ಬಂದು "ಇದು ಸರಿಯಿಲ್ಲ" ಎಂದು ಹೇಳಿ ಬೈಸಿಕೊಳ್ಳುವವನು. ಇಂಥ ನನ್ನನ್ನು ಕಂಪನಿಯವರು ಮನಾಮಾದ ಹೋಟೆಲೊಂದರಲ್ಲಿ ಜಪಾನಿ ಮೇಷ್ಟ್ರೊಬ್ಬರ ತರಬೇತಿಗೆ ಕಳಿಸಿದರು. ಮೇಷ್ಟ್ರು ಮಾತಾಡಿದ್ದು ಕಡಿಮೆ, ನನ್ನ ತಲೆಯೊಳಗೆ ಮಾತ್ರ ದೀಪಾವಳಿ! ಕೊನೆಯಲ್ಲಿ ಕೆಟ್ಟದ್ದನ್ನು ಆರಿಸಿ ಎಸೆಯುವುದರಿಂದ ಜಪಾನಿನ ಕಾರ್ಖಾನೆಗಳು ಗೆದ್ದದ್ದಲ್ಲವಂತೆ. ತಪ್ಪು ಕಂಡ ಕೆಲಸಗಾರ ಯಾರೇ ಇರಲಿ, ಅಲ್ಲೇ ಲೈನ್, ಅಂದರೆ ಸಾಲಾಗಿ ನಡೆಯುವ ಇಡೀ ಕೆಲಸ, ನಿಲ್ಲಿಸಬಹುದು. ಆಮೇಲೆ ಬೇರು ಸಿಗುವವರೆಗೆ "ಯಾಕೆ? ಯಾಕೆ?" ಎಂದು ಕೇಳುತ್ತ ಹೋಗಬೇಕು. ಕೆಲಸಗಾರರೇ ಸುತ್ತ ಕೂತು ಹೀಗೆ ಚರ್ಚಿಸುವ ಗುಂಪಿಗೆ ಕ್ವಾಲಿಟಿ ಸರ್ಕಲ್ ಎಂದು ಹೆಸರು. ಇಷ್ಟು ಸರಳ! ಇಷ್ಟು ದಿನ ನಾನು ಮಾಡಿದ್ದಾದರೂ ಏನು?

ಇದನ್ನು ನಮ್ಮಲ್ಲಿ ಜಾರಿಗೆ ತರಲು ಯಜಮಾನರಾದ ಅಬು ಯೂಸುಫ್ ಒಪ್ಪಬೇಕಿತ್ತು. ಅವರಿಗೆ ಕೆಲಸ ನಿಲ್ಲುವುದೆಂದರೆ ನಷ್ಟ. "ಶುಕ್ರವಾರ ನಿಮ್ಮ ಮನೆಗೇ ಊಟಕ್ಕೆ ಬರುತ್ತೇನೆ, ಅಲ್ಲಿ ವಿವರಿಸು. ಅವತ್ತೇ ಹೌದು ಅಥವಾ ಖಲಾಸ್" ಎಂದರು.

ಆ ಶುಕ್ರವಾರ ಮಾಹೂಝಿನ ನಮ್ಮ ಫ್ಲಾಟಿನಲ್ಲಿ ಹೆಂಡತಿ ಸುಮನಾ ಕೋಳಿಸಾರು ಮುಗಿಸಿ ನೀರುದೋಸೆಗೆ ಕಾವಲಿ ಇಟ್ಟಳು. ಬ್ಯಾಂಕಿನಲ್ಲಿ ನಾಲ್ಕು ಜನರ ಮೇಲೆ ದರ್ಬಾರು ಮಾಡುವ ಹೆಂಗಸು ಅವಳು. ಮೊದಲ ದೋಸೆ ಹರಿಯಿತು. ನನ್ನ ಮೈ ಜುಮ್ಮೆಂದಿತು.

"ಲೈನ್ ನಿಲ್ಲಿಸು!" ಎಂದು ಕೂಗಿ ಗ್ಯಾಸ್ ಆರಿಸಿಬಿಟ್ಟೆ.

"ಎಂತ ಆಯ್ತು ಮಾರಾಯ್ರೆ? ಬೆಂಕಿಯಾ?"

"ದೋಸೆ ಹರಿದದ್ದು ಯಾಕೆ?"

"ಮೊದಲಿನದ್ದಲ್ವಾ, ಕಾವಲಿ ಕಾದಿರ್ಲಿಲ್ಲ."

"ಯಾಕೆ ಕಾದಿರಲಿಲ್ಲ?"

"ಈಗ ಇಟ್ಟದ್ದಷ್ಟೆ. ಆಚೆ ಹೋಗಿ ನೀವು."

ಅವಳು ಮತ್ತೆ ಗ್ಯಾಸ್ ಹಚ್ಚಿ ಹಿಟ್ಟು ಹೊಯ್ದಳು. ಅದೂ ಅಂಟಿಕೊಂಡಿತು. ನಾನು ಮತ್ತೆ ಆರಿಸಿದೆ. ಮುಂದಿನವಕ್ಕೂ ಅದೇ ಗತಿ. ಹಿಟ್ಟಿನ ಪಾತ್ರೆಯ ತಳ ಕಾಣತೊಡಗಿತ್ತು, ನನ್ನ ಉತ್ಸಾಹ ಮಾತ್ರ ಉಕ್ಕುತ್ತಲೇ ಇತ್ತು. ಅಷ್ಟರಲ್ಲಿ ಮಗಳು ಅನ್ವಿ ಬಾಗಿಲು ತೆರೆದು ಅಬು ಯೂಸುಫರನ್ನು ಒಳಗೆ ಕರೆತಂದಳು. ನನ್ನ ಕೂಗು ಕೇಳಿ ಅವರು ನೇರ ಅಡುಗೆಮನೆಯ ಬಾಗಿಲಿಗೇ ಬಂದು ನಿಂತರು.

"ದೋಸೆ ಅಂಟಿದ್ದು ಯಾಕೆ?" ನಾನು ಬಿಡಲಿಲ್ಲ.

"ಕಾವಲಿ ತಣ್ಣಗಾಯ್ತು!"

"ಯಾಕೆ?"

"ನೀವು ಗ್ಯಾಸ್ ಆರಿಸಿದ್ರಿ!"

"ಯಾಕೆ ಆರಿಸಿದೆ?"

"ದೋಸೆ ಅಂಟಿತು ಅಂತ!"

ಅನ್ವಿ ಕಣ್ಣರಳಿಸಿದಳು. "ಓ ಪಪ್ಪಾ! ಇದೇನಾ ಕ್ವಾಲಿಟಿ ಸರ್ಕಲ್?"

ಅವಳು ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದಾಗ ಅಬು ಯೂಸುಫ್ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು. ನನ್ನ ಯೋಜನೆ ಮುಗಿಯಿತು ಎಂದುಕೊಂಡೆ. ಸುಮನಾ ನನ್ನ ತೋಳು ಹಿಡಿದು ಹೊರಗೆ ನಿಲ್ಲಿಸಿ, ಕಾವಲಿ ಚೆನ್ನಾಗಿ ಕಾಯಿಸಿ, ಉಳಿದ ಹಿಟ್ಟಿನಲ್ಲಿ ಒಂದೂ ಹರಿಯದಂತೆ ದೋಸೆ ತೆಗೆದಳು. ಅವು ಅತಿಥಿಯ ಊಟಕ್ಕೆ ಸಾಕಾದವು. ನನಗೆ ಹರಿದವೇ ಬಂದವು.

ಕೈ ತೊಳೆದು ಬಂದ ಅಬು ಯೂಸುಫ್ ಹಿಂದಿಯಲ್ಲಿ ಹೇಳಿದರು: "ಪದ್ಧತಿ ಒಳ್ಳೆಯದು. ಒಲೆಯ ಮುಂದೆ ಇರುವವರಿಗೆ ತಪ್ಪು ಎಲ್ಲಿದೆ ಎಂದು ಗೊತ್ತಿರುತ್ತದೆ, ಅವರನ್ನು ಕೇಳಬೇಕು. ಭಾನುವಾರದಿಂದಲೇ ಶುರು ಮಾಡು. ಆದರೆ ಒಂದು ಷರತ್ತು."

ಇಲ್ಲಿ ಕೆಲಸದ ವಾರ ಶುರುವಾಗುವುದೇ ಭಾನುವಾರ; ಅವತ್ತು ಬೆಳಗ್ಗೆಯೇ ತಗಡು ಕತ್ತರಿಸುವವನು ಅಂಚು ಒರಟಾಗಿದೆ ಎಂದು ಯಂತ್ರ ನಿಲ್ಲಿಸಿದ. ನಾಲ್ಕೈದು ಜನ ಸೇರಿ "ಯಾಕೆ" ಕೇಳಿ, ಸಡಿಲವಾಗಿದ್ದ ಬ್ಲೇಡು ಹುಡುಕಿ, ಬಿಗಿದು, ಮತ್ತೆ ಓಡಿಸಿದರು. ನನಗೆ ಕುಣಿಯಬೇಕೆನಿಸಿತು! ಆದರೂ ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ತೆಪ್ಪಗೆ ನಿಂತಿದ್ದೆ. ಏಕೆಂದರೆ ಯಜಮಾನರ ಷರತ್ತಿನ ಪ್ರಕಾರ, ನಮ್ಮ ವರ್ಕ್‌ಶಾಪಿನಲ್ಲಿ ಲೈನ್ ನಿಲ್ಲಿಸುವ ಅಧಿಕಾರ ಎಲ್ಲರಿಗೂ ಇದೆ, ಕ್ವಾಲಿಟಿ ಮ್ಯಾನೇಜರನೊಬ್ಬನನ್ನು ಬಿಟ್ಟು.