ದನಿ ಸೊರಗದ ಡಬ್ಬಿ

ರಾಣೇಬೆನ್ನೂರಿನಲ್ಲಿ ಆಂಪ್ಲಿಫಾಯರ್ ರಿಪೇರಿ ಅಂಗಡಿ ಇಟ್ಟವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ; ಕೆಟ್ಟ ಸ್ಪೀಕರನ್ನು ಬಗಲಲ್ಲಿ ಹಿಡಿದು ಅವೇ ಮೆಟ್ಟಿಲು ಹತ್ತಿ ಬರುತ್ತವೆ. ಆದರೆ ಈಗ ಹೇಳುವವು ನಮ್ಮ ಮನೆಯವೇ.

ಹಾವೇರಿಯಲ್ಲಿರುವ ನನ್ನ ದೊಡ್ಡಪ್ಪನ ಮಗ, ನನಗೆ ಅಣ್ಣ, ಭಜನಾ ಮಂಡಳಿಯ ಮುಖ್ಯ ಹಾಡುಗಾರ. ಅವನಿಗೆ ಮೈಕು ಹಚ್ಚುವುದೇ ದಂಡ ಎನ್ನುತ್ತಿದ್ದೆ. ಹೋದ ವರ್ಷ ಗಂಟಲಿನ ಕ್ಯಾನ್ಸರಿಗೆ ಆಪರೇಶನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಈಗೇನಿದ್ದರೂ ಕೈಸನ್ನೆ, ಇಲ್ಲವೇ ಚಿಟಿಕೆ. ಹಳೇ ಕ್ಯಾಸೆಟ್ಟುಗಳಲ್ಲಿರುವ ತನ್ನ ದನಿಯನ್ನು ಎಳ್ಳಷ್ಟೂ ಕಳೆಯದೆ ಮನೆಯಲ್ಲಿ ಕೂತು ಕೇಳಬೇಕೆಂಬುದು ಅವನ ಆಸೆ. ಅವನ ಹೆಂಡತಿ, ನಮ್ಮ ವೈನಿಗೆ, ಅದೇ ಭಯ.

"ಕೇಳಿದ ಮ್ಯಾಲೆ ಇನ್ನಷ್ಟು ಕುಗ್ಗಿದ್ರ ಏನ್ ಮಾಡ್ಲಿ ತಮ್ಮಾ?" ಎಂದು ನನ್ನನ್ನು ಹಿತ್ತಲಿಗೆ ಕರೆದು ಕೇಳಿದರು.

ನನ್ನ ಹತ್ತಿರ ಇದ್ದದ್ದು ಒಂದು ಡಬ್ಬಿ. ಅಂಗೈಯಗಲದ ಅಗ್ಗದ ವೈಫೈ ಡಬ್ಬಿ. ಫೋನಿನಿಂದ ಬ್ಲೂಟೂತಿನಲ್ಲಿ ಕಳಿಸಿದ ಹಾಡು ದಾರಿಯಲ್ಲೇ ಸೊರಗುತ್ತದೆ. ಈ ಡಬ್ಬಿ ಮಾತ್ರ ಫೋನಿನಿಂದ ವೈಫೈಯಲ್ಲಿ ಬಂದ ಹಾಡನ್ನು ಬೆಳಕಿನ ವೈರಿನ, ಅಂದರೆ ಆಪ್ಟಿಕಲ್ ಕೇಬಲ್ಲಿನ, ಮೂಲಕ ಇದ್ದದ್ದು ಇದ್ದ ಹಾಗೆ ಆಂಪ್ಲಿಫಾಯರಿಗೆ ಒಪ್ಪಿಸುತ್ತದೆ.

ಲಾಸ್ ಇಲ್ಲದ್ದು

ಅಣ್ಣನ ಒಂದು ಒಳ್ಳೆಯ ಕ್ಯಾಸೆಟ್ಟು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಬಳಿ ಇತ್ತು. ಅವರ ಗೋದಾಮಿನ ದೀಪಾವಳಿ ಪೂಜೆಯಲ್ಲಿ ಅಣ್ಣ ಹಾಡಿದ್ದು. ಕೇಳಲು ಹೋದೆ.

"ಯಾಕ ಬೇಕಾಗಿತ್ತು?"

"ಲಾಸ್‌ಲೆಸ್ ಮಾಡಾಕ್ರಿ, ಸಾವ್ಕಾರ್ರ."

"ಹಂಗಂದ್ರ?"

"ಏನೂ ಲಾಸ್ ಇಲ್ಲದ್ದು ರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಲಾಸ್ ಇಲ್ಲ ಅಂತ ಹೇಳ್ಕೋಂತ ಬಂದವರನ್ನ ಭಾಳ ನೋಡೇನಿ. ಮೊದ್ಲ ಇದನ್ನ ಹೇಳು, ನನ್ನ ಕೈಕೆಳಗ ಎಷ್ಟು ಮಂದಿನ್ನ ಸೇರಸಬೇಕು?"

ಇದು ಚೈನ್ ಸ್ಕೀಮ್ ಅಲ್ಲ, ಅಣ್ಣನ ದನಿ ಎಂದು ಬಿಡಿಸಿ ಹೇಳಿದೆ. ಆಪರೇಶನ್ನಿನ ಸುದ್ದಿ ಅವರಿಗೆ ಗೊತ್ತೇ ಇರಲಿಲ್ಲ. ಎದ್ದು ಹೋಗಿ ದೇವರ ಫೋಟೋದ ಹಿಂದಿನಿಂದ ಕ್ಯಾಸೆಟ್ಟು ತೆಗೆದು ಧೂಳು ಒರೆಸಿ ಕೊಟ್ಟರು. ಕಣ್ಣನ್ನೂ ಒರೆಸಿಕೊಂಡರು. "ಕಾಯಿ ಘಾಟು," ಎಂದರು.

ಘಾಟು ಸುಳ್ಳಲ್ಲ. ಅಂಗಡಿಗೆ ಬಂದು ಕಂಪ್ಯೂಟರಿಗೆ ಇಳಿಸಿ ಕೇಳಿದರೆ, ಭಜನೆಯುದ್ದಕ್ಕೂ ತಬಲಾದವನು ತಾಳ ತಪ್ಪದೆ ಸೀನಿದ್ದಾನೆ. ಒಂದು ಸೀನೂ ಲಾಸ್ ಆಗಿಲ್ಲ.

ವೈರಿನ ಟೊಪ್ಪಿಗೆ

ಡಬ್ಬಿ ಮತ್ತು ವೈರನ್ನು ಹಾವೇರಿಗೆ ಹೊರಟವರ ಕೈಯಲ್ಲಿ ಕಳಿಸಿದೆ. ನಾನು ಬರುವವರೆಗೆ ಕಾಯುವ ತಾಳ್ಮೆ ಅಣ್ಣನಿಗೆಲ್ಲಿ? ತಾನೇ ಜೋಡಿಸಿ ಫೋನ್ ಮಾಡಿದ. ಹೌದು ಎಂದರೆ ಒಂದು ಚಿಟಿಕೆ, ಇಲ್ಲ ಎಂದರೆ ಎರಡು.

"ದೀಪ ಹತ್ತೈತೇನು?" ಒಂದು ಚಿಟಿಕೆ.

"ವೈರ್ ಹಾಕೀಯೇನು?" ಒಂದು ಚಿಟಿಕೆ.

"ದನಿ ಬಂತೇನು?" ಎರಡು ಚಿಟಿಕೆ, ಎರಡರಲ್ಲೂ ಸಿಟ್ಟು.

ಅಂಗಡಿಯಲ್ಲಿ ಕೂತಿದ್ದ ಗಿರಾಕಿ, ನಾನು ಯಾವುದೋ ದೆವ್ವವನ್ನು ವಿಚಾರಿಸುತ್ತಿದ್ದೇನೆ ಎಂದುಕೊಂಡು ಸ್ಟೂಲನ್ನು ಬಾಗಿಲ ಕಡೆ ಸರಿಸಿದ. ನನಗೆ ನಗು ಬರಲಿಲ್ಲ. ಊರಿಗೆಲ್ಲ ಕೇಳುವಂತೆ ಹಾಡುತ್ತಿದ್ದವನ ಹತ್ತಿರ ಈಗ ಉಳಿದದ್ದು ಎರಡು ಬೆರಳು.

ಬಸ್ಸು ಹಿಡಿದು ಹೋಗಿ ನೋಡಿದೆ. ಬೆಳಕಿನ ವೈರಿನ ತುದಿಗೆ ಒಂದು ಸಣ್ಣ ಪ್ಲಾಸ್ಟಿಕ್ ಟೊಪ್ಪಿಗೆ ಇರುತ್ತದೆ. ಅಣ್ಣ ಅದನ್ನು ತೆಗೆಯದೆ ಹಾಗೇ ತುರುಕಿದ್ದ. ಕಿತ್ತು ವೈನಿಯ ಅಂಗೈಯಲ್ಲಿಟ್ಟೆ.

ಅವರು ಅದನ್ನು ತಿರುಗಿಸಿ ನೋಡಿದರು. "ಈ ಮನ್ಯಾಗ ಮಂದಿ ಬಾಯಿ ಮುಚ್ಚಿದ್ದು ಸಾಲಲಿಲ್ಲಂತ ವೈರಿಂದೂ ಮುಚ್ಚಿತ್ತೇನು?"

ಒಗ್ಗರಣೆ

ಅಣ್ಣನ ಮನೆಗೆ ವೈಫೈ ಇರುವುದು ಮಾಳಿಗೆ ಮೇಲಿನ ಬಾಡಿಗೆಯವರದು. ಒಂದೇ ವೈಫೈ ಇದ್ದರೆ ಯಾರ ಫೋನಿನಿಂದಾದರೂ ಡಬ್ಬಿಗೆ ಸದ್ದು ಕಳಿಸಬಹುದು ಎಂಬುದು ನನಗೆ ಹೊಳೆಯಲಿಲ್ಲ. ಅಣ್ಣ ಕಣ್ಣು ಮುಚ್ಚಿ, ಕೈ ಮುಗಿದು ಕೂತ. ನಾನು ಗುಂಡಿ ಒತ್ತಿದೆ. ತಂಬೂರಿ ಶುರುವಾಯಿತು, ಇನ್ನೇನು ದನಿ ಬರಬೇಕು, ಅಷ್ಟರಲ್ಲಿ ಸ್ಪೀಕರಿನಿಂದ ಒಂದು ಹೆಣ್ಣುದನಿ: "ಈಗ ಎಣ್ಣೆ ಕಾದಿದೆ, ಒಂದು ಹಿಡಿ ಕರಿಬೇವು ಹಾಕೋಣ."

ಮೇಲಿನ ಮನೆಯಾಕೆ ಅಡುಗೆಯ ವಿಡಿಯೋ ನೋಡುತ್ತ ಏನನ್ನೋ ಒತ್ತಿಬಿಟ್ಟಿದ್ದರು.

ವೈನಿ ಹೊಸ್ತಿಲಲ್ಲಿ ನಿಂತು ಹೇಳಿದರು: "ಮದಿವ್ಯಾದಾಗಿಂದ ಒಲಿ ಕಡೆ ಹೊಳ್ಳಿ ನೋಡಿದವರಲ್ಲ. ಈಗ ನೋಡು, ಒಗ್ಗರಣಿ ಕಲಿಸಾಕತ್ತಾರ."

ಅಣ್ಣ ನಕ್ಕ. ಹೆಗಲು ಕುಣಿಯಿತು, ಕಣ್ಣಲ್ಲಿ ನೀರು ಬಂತು, ಸದ್ದು ಮಾತ್ರ ಇಲ್ಲ. ನಗುತ್ತಿದ್ದ ವೈನಿ ಅದನ್ನು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ನಾನು ಬೇರೆಯವರ ಫೋನಿಗೆ ಡಬ್ಬಿಯ ಬಾಗಿಲು ಬಂದ್ ಮಾಡಿ ಕೂತೆ.

ಕರೆದದ್ದು

ಈ ಸಲ ಹಚ್ಚಿದ್ದು ಮನೆಯಲ್ಲೇ ತಾಲೀಮು ಮಾಡುವಾಗ ತುಂಬಿಕೊಂಡಿದ್ದ ಕ್ಯಾಸೆಟ್ಟಿನ ಭಜನೆ; ಅದನ್ನೂ ನನ್ನ ಫೋನಿಗೆ ಇಳಿಸಿಕೊಂಡಿದ್ದೆ. "ನಾ ಕೇಳಂಗಿಲ್ಲ, ನೀವ ಕೇಳ್ರಿ," ಎಂದು ವೈನಿ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ.

ದನಿ ಬಂತು. ಅಣ್ಣ ಎದುರಿಗೇ ನಿಂತು ಹಾಡಿದ ಹಾಗೆ ಬಂತು. ಅಣ್ಣನಾದರೋ ನನ್ನ ಪಕ್ಕದಲ್ಲಿ ಕೂತಿದ್ದ. ಅವನ ತುಟಿ ಹಾಡಿನ ಜೊತೆಗೇ ಆಡುತ್ತಿತ್ತು. ಆಪರೇಶನ್ನಿನಲ್ಲಿ ಉಸಿರಾಟಕ್ಕೆಂದು ಮಾಡಿದ ರಂಧ್ರಕ್ಕೆ ಮುಚ್ಚಿದ್ದ ಕುತ್ತಿಗೆಯ ಬಟ್ಟೆ ಏರಿ ಇಳಿಯುತ್ತಿತ್ತು. ನನಗೆ ತಡೆಯಲಾಗದೆ ನಿಲ್ಲಿಸಲು ಹೋದರೆ ಕೈ ಹಿಡಿದುಕೊಂಡ.

ಭಜನೆ ಮುಗಿಯಿತು. ತಾಳದ ಕಿಣಿಕಿಣಿ ಇನ್ನೂ ನಿಂತಿರಲಿಲ್ಲ. ಅದರ ಅಡಿಯಲ್ಲಿ, ಮೈಕಿಗೆ ಬೆನ್ನು ತಿರುಗಿಸಿ ಅಣ್ಣ ಕೂಗಿದ್ದು ಇತ್ತು. ಮೊದಲು ನಾನು ಫೋನಿನಲ್ಲಿ ಕೇಳಿದಾಗ ಅದು ತಾಳದ ಗದ್ದಲದಲ್ಲಿ ಕಲಸಿಹೋಗಿತ್ತು, ಈಗ ಒಂದೊಂದು ಅಕ್ಷರವೂ ಬಿಡಿಬಿಡಿ:

"ಏ, ಕೇಳಿಲ್ಲೇನ? ಚಾ ತಾ."

"ತಂದೇರಿ," ಎಂದಿತು ಅಡುಗೆಮನೆ.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಸ್ವಲ್ಪ ಹೊತ್ತಿಗೆ ವೈನಿ ನಿಜವಾಗಿಯೂ ಚಾ ಹಿಡಿದುಕೊಂಡು ಬಂದರು. ನಡುಮನೆಗೆ ಬಂದ ಮೇಲೆ ಅವರಿಗೆ ತಿಳಿಯಿತು. ಸ್ಪೀಕರನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು.

"ವರ್ಷಾತು, ಒಂದು ಮಾತಿಲ್ಲ," ಎಂದರು ಅವನಿಗೆ. "ಬಾಯಿ ಬಂದ ಕೂಡ್ಲೆ ಹೆಂಗದೀ ಅಂತ ಕೇಳೂದು ಬಿಟ್ಟು, ಚಾ ತಾ ಅಂತೀರಲ್ಲ?"

ಅಣ್ಣ ಚಾದ ಕಪ್ಪು ತೆಗೆದುಕೊಂಡ. ಇನ್ನೊಂದು ಕೈಯಿಂದ ಅವರನ್ನು ಪಕ್ಕಕ್ಕೆ ಕೂಡಿಸಿಕೊಂಡ. ಮೂವರೂ ನಕ್ಕೆವು, ಮೂವರೂ ಅತ್ತೆವು. ನಾನು ಮುಂದಿನ ಭಜನೆ ಹಚ್ಚಲು ಹೋದೆ.

"ಭಜನಿ ಬ್ಯಾಡ ತಮ್ಮಾ," ಎಂದರು ವೈನಿ. "ಕರದದ್ದು ಹಚ್ಚು."

ಹಚ್ಚಿದೆ. ಕೂಗು ಕೇಳಿದ ಕೂಡಲೇ "ತಂದೇರಿ" ಎಂದು ಎದ್ದು ಒಳಗೆ ಹೋಗಿ ಮತ್ತೆ ಚಾ ತಂದರು. ಮತ್ತೆ ಹಚ್ಚು ಎಂದರು. ಮತ್ತೆ ತಂದರು. ಸಂಜೆ ರಾಣೇಬೆನ್ನೂರಿನ ಬಸ್ಸು ಹತ್ತಿದಾಗ ನನ್ನ ಹೊಟ್ಟೆಯಲ್ಲಿ ಚಾ ಬಿಟ್ಟರೆ ಬೇರೇನೂ ಇರಲಿಲ್ಲ.