ಬೀಗರ ಸಮ್ಮುಖದಲ್ಲಿ ದಯಮಾಡಿಸಿದ ವಾಯು ಮಹಾಶಯರಿಗೆ

ಗುಂಡ್ಲುಪೇಟೆ,
೧೯೫೭ರ ಮಾಘ ಮಾಸ

ನನ್ನ ಹೊಟ್ಟೆಯ ವಾಸವನ್ನು ಬಿಟ್ಟು ಈಗ ಲೋಕಸಂಚಾರದಲ್ಲಿರುವ ಮಾನ್ಯ ವಾಯು ಮಹಾಶಯರೇ,

ಗುಂಡ್ಲುಪೇಟೆಯ ಪ್ರಾಥಮಿಕ ಶಾಲೆಯ ಉಪಾಧ್ಯಾಯ ಮಹದೇವಪ್ಪನು ಒಂದು ಕೈಯನ್ನು ಹೊಲಿಗೆಯ ಮೇಲಿಟ್ಟುಕೊಂಡು, ಉಳಿದೊಂದು ಕೈಯಲ್ಲಿ ಮಾಡುವ ನಮಸ್ಕಾರಗಳು. ತಾವು ಎಲ್ಲಿದ್ದರೂ ಕ್ಷೇಮವೆಂದು ನಂಬಿದ್ದೇನೆ.

ತಮಗೆ ನೆನಪಿರಬಹುದು, ಚಾಮರಾಜನಗರದ ಆಸ್ಪತ್ರೆಯಲ್ಲಿ ನನ್ನ ಹೊಟ್ಟೆ ಕೊಯ್ದು ಅಪೆಂಡಿಕ್ಸ್ ತೆಗೆದರು. ಆಪರೇಷನ್ನಾದ ಮೇಲೆ ಕರುಳು ಮಂಕು ಹಿಡಿದು ಕೂತಿರುತ್ತದೆ, ತಾವು ಹೊರಗೆ ದಯಮಾಡಿಸಿದರೇನೇ ಅದಕ್ಕೆ ಎಚ್ಚರವಾಯಿತೆಂದು ಗೊತ್ತಾಗುವುದು, ಅಲ್ಲಿಯವರೆಗೆ ಗಂಜಿಯಿರಲಿ, ಗುಟುಕು ನೀರೂ ಇಲ್ಲ ಎಂದರು ಡಾಕ್ಟರು. ಹರಿದು ಹಂಚಿಹೋಗಿದ್ದ ಕನ್ನಡನಾಡೇ ಹೋದ ವರ್ಷ ಒಂದಾಯಿತು. ಒಂದು ಗೇಣು ದೂರ ಬರಲು ತಮಗೆ ಮಾತ್ರ ಮನಸ್ಸಾಗಲಿಲ್ಲ. ವಾರ್ಡಿನವರೆಲ್ಲ ತಮ್ಮ ದಾರಿ ಕಾದರು. ನನ್ನ ಹೆಂಡತಿ ಗುರುಸಿದ್ದಮ್ಮ ತಮಗೆ ಹರಕೆ ಹೊತ್ತಳು. ಹೊಟ್ಟೆ ಉಬ್ಬುತ್ತಲೇ ಹೋಯಿತು. ಸಂಜೆಯೊಳಗೆ ಇಳಿಯದಿದ್ದರೆ ಮತ್ತೊಮ್ಮೆ ಕೊಯ್ದು ನೋಡಬೇಕಾದೀತು ಎಂದು ಡಾಕ್ಟರು ಹೇಳಿದಾಗ ನನಗೆ ನಿಜವಾಗಿ ಭಯವಾಯಿತು.

ಅಷ್ಟರಲ್ಲಿ ಉಮ್ಮತ್ತೂರಿನ ಪುಟ್ಟಬಸಪ್ಪನವರು ನನ್ನನ್ನು ನೋಡಲು ಬಂದರು. ನನ್ನ ಮಗಳಿಗೆ ಇವರ ಮಗನನ್ನು ಕೇಳಿದ್ದೆವು. ಸುಗ್ಗಿಯಿಂದ ನಾಲ್ಕು ಸಲ ನಮ್ಮ ಮನೆಯ ಉಪ್ಪಿಟ್ಟು ತಿಂದು, ನಾಲ್ಕು ಸಲವೂ "ನೋಡನ ಮೇಷ್ಟ್ರೇ" ಎಂದಷ್ಟೇ ಹೇಳಿ ಹೋಗಿದ್ದ ಮಹನೀಯರು. ನಮ್ಮ ಗುಂಡ್ಲುಪೇಟೆ ಸೀಮೆಯದೇ ಆದ ಮದ್ದೂರು ಕಡೆಯ ಕಾಡಿನಂಚಿನಲ್ಲಿ ಮಲಯಾಳಿ ವೈದ್ಯರೊಬ್ಬರಿಂದ ಇವರು ನರ ಒತ್ತುವುದನ್ನು ಕಲಿತವರಂತೆ. ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಮೂಳೆಯ ಹೊರಮಗ್ಗುಲಲ್ಲಿ ಒತ್ತಿದರೆ ಕರುಳು ಏಳುತ್ತದೆ ಎಂದರು. ಹೊಟ್ಟೆಯನ್ನು ಮುಟ್ಟದಿದ್ದರೆ ನನ್ನ ಅಡ್ಡಿಯಿಲ್ಲ ಎಂದರು ಡಾಕ್ಟರು.

ಅಡ್ಡಿ ನನ್ನದಾಗಿತ್ತು. ಧಾರೆಯ ದಿನ ವರನ ಕಾಲು ತೊಳೆಯಬೇಕಾದ ಹೆಣ್ಣಿನ ತಂದೆ ನಾನು. ವರನ ತಂದೆಯ ಕೈಗೆ ನನ್ನ ಕಾಲು ಕೊಡುವುದೆಂದರೆ, ಆಗಬೇಕಾದ ಸಂಬಂಧಕ್ಕೆ ನಾನೇ ಕೊಳ್ಳಿಯಿಟ್ಟಂತೆ. ಆದ್ದರಿಂದ ಕಾಲು ಮಡಚಿಕೊಂಡು ಕಂಬಳಿಯೊಳಗೆ ಬಚ್ಚಿಟ್ಟೆ. "ಮರ್ಯಾದೆ ಕಟ್ಕಂಡು ಸಾಯ್ತೀರಾ?" ಎಂದು ಗುರುಸಿದ್ದಮ್ಮ ಅತ್ತಳು. "ಹೊಟ್ಟೆಗೇನ್ ಗೊತ್ತು ಗಂಡಿನ ಕಡೆ, ಹೆಣ್ಣಿನ ಕಡೆ? ಕಾಲ್ ನೀಡ್ಬುಡಿ ಮೇಷ್ಟ್ರೇ" ಎಂದು ಪುಟ್ಟಬಸಪ್ಪನವರೇ ಕಂಬಳಿ ಸರಿಸಿದರು.

ಅವರು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. ಒಳಗೆಲ್ಲೋ ಗುಡುಗುಡು ಎಂದಿತು. ಆಗ ನನಗೆ ಎರಡನೆಯ ಆಪರೇಷನ್ನಿಗಿಂತ ದೊಡ್ಡ ಭಯ ಹುಟ್ಟಿತು: ತಾವು ಬರುತ್ತಿದ್ದೀರಿ, ಅವರು ನನ್ನ ಕಾಲ ಬಳಿಯೇ ಬಗ್ಗಿ ಕೂತಿದ್ದಾರೆ. ಹಲ್ಲು ಕಚ್ಚಿ ತಡೆದೆ. ತಾವು ನನ್ನ ಮಾತಿಗೆ ಬೆಲೆ ಕೊಡಲಿಲ್ಲ. ದಿನಗಟ್ಟಲೆ ಒಳಗೆ ಕೂತು ಕೂಡಿಸಿಕೊಂಡ ಶಕ್ತಿಯನ್ನೆಲ್ಲ ಆ ಹಿರಿಯರ ಮುಖಕ್ಕೆ ನೇರವಾಗಿ ಒಪ್ಪಿಸಿಬಿಟ್ಟಿರಿ. ಪಕ್ಕದ ವಾರ್ಡಿನ ಕೂಸೊಂದು ಬೆಚ್ಚಿ ಅತ್ತಿತು.

ನಾನು ಕಣ್ಣು ಮುಚ್ಚಿದೆ. ಮಗಳ ಮದುವೆ ಮುರಿಯಿತೆಂದೇ ತಿಳಿದೆ. ಆಗ ಪುಟ್ಟಬಸಪ್ಪನವರು ನನ್ನ ಕಾಲನ್ನು ಇನ್ನೂ ಹಿಡಿದುಕೊಂಡೇ, ವಾರ್ಡೆಲ್ಲ ಕೇಳುವ ಹಾಗೆ ಕೂಗಿದರು: "ಬಂತು ಕಣ್ರೀ, ಬಂತು! ಬದುಕುಬುಟ್ರಿ ಬೀಗ್ರೇ!"

ಬೀಗ್ರೇ! ನಾಲ್ಕು ಸಲದ ಉಪ್ಪಿಟ್ಟಿಗೆ ಹೊರಡದ ಮಾತು. ಗುರುಸಿದ್ದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಡಾಕ್ಟರ ಕಡೆ ತಿರುಗಿ, "ಈ ಮಾತ್ಗೆ ನೀವೂ ಸಾಕ್ಷಿ" ಎಂದಳು.

ಆದಕಾರಣ ತಮ್ಮಲ್ಲಿ ವಿಜ್ಞಾಪನೆ ಏನೆಂದರೆ, ಮುಂದೆ ತಾವು ಬರುವುದಾದರೆ ಒಂದು ದಿನ ಮೊದಲೇ ಟಪಾಲಿನಲ್ಲಿ ತಿಳಿಸತಕ್ಕದ್ದು, ಮತ್ತು ಹಿರಿಯರು ಇರುವಾಗ ಹೊರಗೇ ನಿಂತು ಅಪ್ಪಣೆ ಕೇಳತಕ್ಕದ್ದು.

ತಮ್ಮ ಕೃಪೆಯಿಂದ ಗಂಜಿಯ ಮುಖ ಕಂಡ ವಿಶ್ವಾಸಿ,
ಮಹದೇವಪ್ಪ

ವಿ.ಸೂ.: ಮದುವೆ ಬರುವ ವೈಶಾಖದಲ್ಲಿ. ಸಂಬಂಧ ಕುದುರಿಸಿದವರು ತಾವೇ ಆದ್ದರಿಂದ ಕರೆಯದಿರುವುದು ಸರಿಯಲ್ಲ. ಆದರೆ ತಾವು ದಯವಿಟ್ಟು ಊಟವಾದ ಮೇಲೆ ಬರಬೇಕು, ಮತ್ತು ಗಂಡಿನ ಕಡೆಯವರ ಬಿಡಾರದಲ್ಲೇ ಇಳಿದುಕೊಳ್ಳಬೇಕು. ಅಲ್ಲಿ ತಮ್ಮ ಪರಿಚಯಸ್ಥರಿದ್ದಾರೆ.